ಫೋನು ಕೇಳುವ ಹೆಬ್ಬೆಟ್ಟು

ರಾತ್ರಿ ಎಂಟು ಗಂಟೆ. ನಮ್ಮೂರ ಶಾಲೆಯ ಜಗಲಿ. ಕಲಿಕಾ ಕೇಂದ್ರ ನಡೆದಿತ್ತು. ಕರೆಂಟು ಹೋಯಿತು.

ಸೊಪ್ಪಜ್ಜಿ ತಮ್ಮ ಫೋನು ತೆಗೆದರು. ಸೊಪ್ಪು ಮಾರುವ ಅಜ್ಜಿ ಅವರು. ಅದಕ್ಕೇ ಊರಿಗೆಲ್ಲ ಸೊಪ್ಪಜ್ಜಿ. ಮೊಮ್ಮಗ ತನ್ನ ಹಳೇ ಫೋನು ಕೊಟ್ಟಿದ್ದಾನೆ. ಅದರಲ್ಲಿ ಟಾರ್ಚ್ ಹಚ್ಚುವ ಒಂದು ಆ್ಯಪ್ ಹಾಕಿಕೊಟ್ಟಿದ್ದಾನೆ. ಅಜ್ಜಿ ಅದನ್ನು ಒತ್ತಿದರು. ಬೆಳಕು ಬರಲಿಲ್ಲ. ಏನೋ ಬರಹ ಬಂತು. ಅಜ್ಜಿ ಹೆಬ್ಬೆರಳಿನಿಂದ ಅದನ್ನು ಒತ್ತಿದರು. ಇನ್ನೊಂದು ಬರಹ ಬಂತು. ಅದನ್ನೂ ಒತ್ತಿದರು. ಹೀಗೆ ನಾಲ್ಕು ಸಲ. ಆಮೇಲೆ ಬೆಳಕು ಬಂತು.

"ಅಜ್ಜಿ, ಏನು ಕೇಳ್ತು ಅದು?" ಅಂದೆ.

"ಯಾರಿಗ್ಗೊತ್ತು ಮೇಷ್ಟ್ರೇ. ಏನೋ ಕೇಳ್ತದೆ. ಒತ್ತಿದ್ರೆ ಸುಮ್ಮನಾಗ್ತದೆ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಮನೆಗೆ ಹೋದ ಮೇಲೂ ಆ ಮಾತು ನನ್ನನ್ನು ಬಿಡಲಿಲ್ಲ. ಯಾಕೆ ಗೊತ್ತೆ? ಹೋದ ವರ್ಷ ಇದೇ ಅಜ್ಜಿ ಬ್ಯಾಂಕಿಗೆ ಹೋಗಿ ತಮ್ಮ ಹೆಸರು ಬರೆದು ರುಜು ಹಾಕಿ ಬಂದಿದ್ದರು. "ಇನ್ನು ಹೆಬ್ಬೆಟ್ಟು ಒತ್ತಲ್ಲ" ಅಂತ ಊರಿಗೆಲ್ಲ ಹೇಳಿದ್ದರು. ಈಗ ಅವರ ಕಣ್ಣ ಮುಂದೆಯೇ, ನನ್ನ ಕಣ್ಣ ಮುಂದೆಯೇ, ನಾಲ್ಕು ಸಲ ಹೆಬ್ಬೆಟ್ಟು ಒತ್ತಿದ್ದರು.

ಹೆಬ್ಬೆಟ್ಟಿನ ಕತೆ ನಮಗೆ ಹೊಸದಲ್ಲ. ನಮ್ಮ ಅಜ್ಜಂದಿರ ಕಾಲದಲ್ಲಿ ಸಾಲ ಬೇಕೆಂದರೆ ಸಾಹುಕಾರರ ಜಗಲಿಗೆ ಹೋಗಬೇಕಿತ್ತು. ಅಲ್ಲಿ ಒಂದು ಕಾಗದ. ಪಕ್ಕದಲ್ಲಿ ಶಾಯಿ. "ಒತ್ತಯ್ಯ ಇಲ್ಲಿ" ಅಂದರೆ ಒತ್ತುವುದು. ಕಾಗದದಲ್ಲಿ ಐವತ್ತು ಅಂತ ಇದೆಯೋ ಐನೂರು ಅಂತ ಇದೆಯೋ ಒತ್ತಿದವರಿಗೆ ತಿಳಿಯದು. ಹೊಲ ಕೈಬಿಟ್ಟ ಮೇಲೆ ತಿಳಿಯೋದು.

ಈ ಪದ್ಧತಿಗೆ ಒಂದು ಹಳೇ ದಾಖಲೆಯೂ ಇದೆ. 1858ರಲ್ಲಿ ಬಂಗಾಳದ ಜಂಗೀಪುರದಲ್ಲಿ ವಿಲಿಯಂ ಹರ್ಷೆಲ್ ಎಂಬ ಇಂಗ್ಲಿಷ್ ಅಧಿಕಾರಿ ಇದ್ದ. ರಸ್ತೆಗೆ ಜಲ್ಲಿ ಒದಗಿಸಲು ರಾಜ್ಯಧರ ಕೋನಾಯಿ ಎಂಬುವನು ಗುತ್ತಿಗೆ ಹಿಡಿದಿದ್ದ. ಅವನು ನಾಳೆ ಮಾತು ತಪ್ಪಬಾರದು. ಅದಕ್ಕೆ ಹರ್ಷೆಲ್ ಒಪ್ಪಂದದ ಕಾಗದದ ಹಿಂದೆ ಅವನ ಅಂಗೈಯನ್ನೇ ಶಾಯಿಯಲ್ಲಿ ಒತ್ತಿಸಿಕೊಂಡ. ಅಂಗೈ ಹೋಗಿ ಆಮೇಲೆ ಬೆರಳು ಬಂತು. ಒತ್ತಿಸಿಕೊಂಡವರ ಲೆಕ್ಕ ಒಂದೇ. "ನೀನೇ ಒಪ್ಪಿದ್ದೀಯ, ನೋಡು" ಅಂತ ನಾಳೆ ತೋರಿಸಬೇಕು.

ಫೋನಿನಲ್ಲಿ ಬರುವ 'ಒಪ್ಪಿಗೆ', 'ಅನುಮತಿಸಿ', 'ಓಕೆ', 'ಅಲೌ', 'ಐ ಅಗ್ರೀ' ಎಂಬ ಗುಂಡಿಗಳ ಲೆಕ್ಕವೂ ಇದೇ.

ಟಾರ್ಚಿಗೆ ಏನು ಬೇಕು?

ಮಾರನೆಯ ದಿನ ಅಜ್ಜಿಯ ಫೋನು ತೆಗೆದು ನೋಡಿದೆ. ಆ ಟಾರ್ಚ್ ಆ್ಯಪ್ ನಾಲ್ಕು ಅನುಮತಿ ಪಡೆದಿತ್ತು. ಒಂದು, ಕ್ಯಾಮೆರಾ. ಇದು ಸರಿ. ಬೆಳಕು ಬರುವುದು ಕ್ಯಾಮೆರಾದ ಪಕ್ಕದ ದೀಪದಿಂದ. ಎರಡು, ಫೋನಿನಲ್ಲಿರುವ ಹೆಸರು ಮತ್ತು ನಂಬರುಗಳ ಪಟ್ಟಿ. ಮೂರು, ಅಜ್ಜಿ ಎಲ್ಲಿದ್ದಾರೆ ಎಂಬ ಜಾಗದ ಗುರುತು. ನಾಲ್ಕು, ಮೈಕು. ಅಂದರೆ ಮಾತು ಕೇಳಿಸಿಕೊಳ್ಳುವ ಅಧಿಕಾರ.

ನೀವೇ ಯೋಚನೆ ಮಾಡಿ. ಮನೆಯ ಬಲ್ಬು ಹೋಗಿದೆ. ಹಾಕಿಕೊಡಲು ಒಬ್ಬ ಬರುತ್ತಾನೆ. ಬಲ್ಬು ಹಾಕುವ ಮುಂಚೆ ಕೇಳುತ್ತಾನೆ: "ನಿಮ್ಮ ನೆಂಟರ ಹೆಸರೆಲ್ಲ ಬರೆದುಕೊಡಿ. ನೀವು ದಿನಾ ಎಲ್ಲೆಲ್ಲಿ ಹೋಗ್ತೀರಿ ಹೇಳಿ. ರಾತ್ರಿ ನಾನು ನಿಮ್ಮ ಕಿಟಕಿ ಹತ್ತಿರ ನಿಂತಿರ್ತೀನಿ." ನೀವು ಅವನನ್ನು ಒಳಗೆ ಬಿಡುತ್ತೀರಾ? ಪೊರಕೆ ತಗೋತೀರಿ.

ಅಮೆರಿಕದಲ್ಲಿ ಇಂಥದೇ ಒಂದು ಟಾರ್ಚ್ ಆ್ಯಪಿನ ಪ್ರಕರಣ ನಡೆಯಿತು. ಅದರ ಹೆಸರು 'ಬ್ರೈಟೆಸ್ಟ್ ಫ್ಲ್ಯಾಶ್‌ಲೈಟ್'. ಕೋಟಿಗಟ್ಟಲೆ ಜನ ಅದನ್ನು ತಮ್ಮ ಫೋನಿಗೆ ಹಾಕಿಕೊಂಡಿದ್ದರು. ಅದು ಪುಕ್ಕಟೆ. ಆದರೆ ಫೋನು ಇರುವ ಜಾಗವನ್ನೂ ಫೋನಿನ ಗುರುತನ್ನೂ ಜಾಹೀರಾತು ಕಂಪನಿಗಳಿಗೆ ಕಳಿಸುತ್ತಿತ್ತು. 2013ರ ಡಿಸೆಂಬರಿನಲ್ಲಿ ಅಲ್ಲಿನ ಸರ್ಕಾರದ ಫೆಡರಲ್ ಟ್ರೇಡ್ ಕಮಿಷನ್ ಇದನ್ನು ಬಯಲಿಗೆ ತಂದಿತು. ಅದರಲ್ಲಿ ಒಂದು ವಿಷಯ ನನಗೆ ಬಹಳ ಸಿಟ್ಟು ತರಿಸಿತು. ಆ ಆ್ಯಪಿನಲ್ಲಿ 'ಒಪ್ಪುತ್ತೇನೆ', 'ಒಪ್ಪುವುದಿಲ್ಲ' ಅಂತ ಎರಡು ಗುಂಡಿ ಇದ್ದವು. ಜನ ಯಾವ ಗುಂಡಿಯನ್ನೂ ಒತ್ತುವ ಮುಂಚೆಯೇ ಅದು ಮಾಹಿತಿ ಕಳಿಸಲು ಶುರು ಮಾಡುತ್ತಿತ್ತು! ಗುಂಡಿ ಇದ್ದದ್ದು ಬರೀ ತೋರಿಕೆಗೆ. ಸೇರಿಸಿಕೊಂಡ ಮಾಹಿತಿ ಅಳಿಸಬೇಕು, ಮುಂದೆ ಸರಿಯಾಗಿ ತಿಳಿಸಿಯೇ ಕೇಳಬೇಕು ಅಂತ ಆಜ್ಞೆಯಾಯಿತು.

"ನಾನು ಎಲ್ಲಿದ್ದರೆ ಅವರಿಗೇನು ಲಾಭ?" ಅಂತ ಸೊಪ್ಪಜ್ಜಿ ಕೇಳಿದರು. ಒಳ್ಳೆ ಪ್ರಶ್ನೆ.

ಸಂತೆಯ ದಲ್ಲಾಳಿಯನ್ನು ನೆನೆಸಿಕೊಳ್ಳಿ. ಯಾರ ಮನೆಯಲ್ಲಿ ರಾಗಿ ಒಕ್ಕಣೆ ಆಯಿತು, ಯಾರಿಗೆ ಮಗಳ ಮದುವೆ ಇದೆ, ಯಾರ ಹಸು ಹಾಲು ಬಿಟ್ಟಿತು, ಎಲ್ಲ ಅವನಿಗೆ ಗೊತ್ತು. ಅವನ ಬಂಡವಾಳವೇ ಅದು. ಯಾರಿಗೆ ಯಾವಾಗ ಹಣದ ಅಡಚಣೆ ಎಂದು ತಿಳಿದವನು ಬೆಲೆ ಇಳಿಸಿ ಕೊಳ್ಳುತ್ತಾನೆ. ಫೋನಿನ ವ್ಯಾಪಾರವೂ ಹೀಗೆಯೇ. ನೀವು ದಿನಾ ಆಸ್ಪತ್ರೆ ಹತ್ತಿರ ಹೋಗುತ್ತೀರಿ ಅಂದರೆ ಔಷಧಿಯ ಜಾಹೀರಾತು ಬರುತ್ತದೆ. ಚಿನ್ನ ಅಡ ಇಡುವುದನ್ನು ಹುಡುಕಿದರೆ ಸಾಲದ ಜಾಹೀರಾತು ಬರುತ್ತದೆ. ಜಾಹೀರಾತು ಕೊಡುವವರು ಆ್ಯಪಿನವರಿಗೆ ದುಡ್ಡು ಕೊಡುತ್ತಾರೆ. ನಾವು ದುಡ್ಡು ಕೊಡುವುದಿಲ್ಲ, ನಮ್ಮ ಸುದ್ದಿ ಕೊಡುತ್ತೇವೆ. ಪುಕ್ಕಟೆ ಎಂಬ ಮಾತಿನ ಗುಟ್ಟು ಇಷ್ಟೇ. ಎಲ್ಲ ಪುಕ್ಕಟೆ ಆ್ಯಪುಗಳೂ ಕೆಟ್ಟವು ಅಂತ ನಾನು ಹೇಳುತ್ತಿಲ್ಲ. ಜಾಹೀರಾತು ಹಾಕಿಕೊಂಡು ಬದುಕುವುದು ತಪ್ಪೂ ಅಲ್ಲ, ದಿನಪತ್ರಿಕೆಯೂ ಅದನ್ನೇ ಮಾಡುತ್ತದೆ. ಆದರೆ ಪತ್ರಿಕೆ ನಿಮ್ಮ ಹಿಂದೆ ಸಂತೆಗೆ ಬರುವುದಿಲ್ಲ.

ಓದಿದವರೂ ಓದುವುದಿಲ್ಲ

ಹಿಂದೆ ಓದು ಬಾರದವರು ಹೆಬ್ಬೆಟ್ಟು ಒತ್ತುತ್ತಿದ್ದರು. ಈಗ ಎಂ.ಎ. ಓದಿದವರೂ ಒತ್ತುತ್ತಾರೆ. ಇದನ್ನು ನೀವು ತಿಳಿದಿರಬೇಕು, ಯಾಕೆಂದರೆ "ನಮಗೆ ಬರೋದಿಲ್ಲ, ಅದಕ್ಕೇ ಹೀಗಾಯ್ತು" ಅಂತ ನಮ್ಮ ಕೇಂದ್ರದಲ್ಲಿ ಎಲ್ಲರೂ ತಮ್ಮನ್ನೇ ಬೈದುಕೊಳ್ಳುತ್ತಾರೆ.

ಇಂಗ್ಲೆಂಡಿನಲ್ಲಿ ಗೇಮ್‌ಸ್ಟೇಷನ್ ಎಂಬ ಅಂಗಡಿ ಇತ್ತು. ಕಂಪ್ಯೂಟರ್ ಆಟಗಳನ್ನು ಮಾರುತ್ತಿತ್ತು. 2010ರ ಏಪ್ರಿಲ್ 1ರಂದು ಅವರು ಒಂದು ತಮಾಷೆ ಮಾಡಿದರು. ತಮ್ಮ ಕರಾರು ಪತ್ರದ ನಡುವೆ ಒಂದು ಸಾಲು ಸೇರಿಸಿದರು: ಕೊಳ್ಳುವವರು ತಮ್ಮ ಆತ್ಮವನ್ನು ಅಂಗಡಿಗೆ ಬರೆದುಕೊಡುತ್ತಾರೆ! ಬೇಡ ಎಂದು ಗುರುತು ಹಾಕಿದವರಿಗೆ ಐದು ಪೌಂಡಿನ ಚೀಟಿ ಬಹುಮಾನವಾಗಿ ಇಟ್ಟಿದ್ದರು. ಆದರೂ ಆ ದಿನ ಸುಮಾರು 7,500 ಜನ ಓದದೆ ಒಪ್ಪಿಗೆ ಒತ್ತಿದರು. ಎಲ್ಲರೂ ಇಂಗ್ಲಿಷ್ ಬಲ್ಲವರೇ.

ಯಾಕೆ ಓದಲಿಲ್ಲ? ಸೋಮಾರಿಗಳೆ? ಅಲ್ಲ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು 2008ರಲ್ಲಿ ಒಂದು ಲೆಕ್ಕ ಹಾಕಿದರು. ಒಬ್ಬ ಮನುಷ್ಯ ಒಂದು ವರ್ಷದಲ್ಲಿ ಇಂಟರ್‌ನೆಟ್ಟಿನಲ್ಲಿ ಎದುರಾಗುವ ಇಂಥ ಮಾಹಿತಿ ಕರಾರುಗಳನ್ನೆಲ್ಲ ಓದಿದರೆ 200 ಗಂಟೆಗಿಂತ ಹೆಚ್ಚು ಬೇಕು. ದಿನಕ್ಕೆ ಎಂಟು ಗಂಟೆ ಅಂದರೂ 25 ದಿನದ ಕೂಲಿ ಹೋಯಿತು. ಬರೀ ಓದಲಿಕ್ಕೆ! ಅದೂ ವಕೀಲರ ಇಂಗ್ಲಿಷ್. ನನಗೂ ಅರ್ಥವಾಗುವುದಿಲ್ಲ, ಹೇಳಿಕೊಳ್ಳಲು ನಾಚಿಕೆ ಏನಿಲ್ಲ.

ಹಾಗಾದರೆ ಇದು ಯಾರ ತಪ್ಪು? ಕಂಪನಿಯವರು "ನೀವೇ ಒಪ್ಪಿದ್ದೀರಲ್ಲ" ಅನ್ನುತ್ತಾರೆ. ನನಗೆ ಆ ಮಾತು ಒಪ್ಪಿಗೆಯಾಗುವುದಿಲ್ಲ. ಓದಲಾಗದಷ್ಟು ಉದ್ದ ಬರೆದು, ತಿಳಿಯದ ಭಾಷೆಯಲ್ಲಿ ಬರೆದು, ಒತ್ತದಿದ್ದರೆ ಮುಂದೆ ಬಿಡದೆ ಪಡೆದದ್ದು ಒಪ್ಪಿಗೆ ಹೇಗಾಗುತ್ತದೆ? ಸಾಹುಕಾರನ ಕಾಗದವೂ ಹಾಗೇ ಇತ್ತಲ್ಲ.

ಆ ಉದ್ದದ ಬರಹದೊಳಗೆ ಇನ್ನೊಂದು ಮಾತೂ ಅಡಗಿರುತ್ತದೆ. ನೀವು ದುಡ್ಡು ಕೊಟ್ಟು ಹಾಡು, ಸಿನಿಮಾ, ಪುಸ್ತಕ 'ಕೊಂಡರೂ' ಅದು ಎಷ್ಟೋ ಕಡೆ ನಿಮ್ಮದಾಗುವುದಿಲ್ಲ. ಬಳಸುವ ಅನುಮತಿ ಮಾತ್ರ ನಿಮ್ಮದು. ಅಮೆಜಾನ್ ಕಂಪನಿ ಕಿಂಡಲ್ ಎಂಬ ಓದುವ ಯಂತ್ರ ಮಾರುತ್ತದೆ. 2009ರ ಜುಲೈನಲ್ಲಿ ಅದು ಜನ ಕೊಂಡಿದ್ದ ಎರಡು ಪುಸ್ತಕಗಳನ್ನು ದೂರದಿಂದಲೇ ಅಳಿಸಿಹಾಕಿತು. ಎರಡೂ ಜಾರ್ಜ್ ಆರ್ವೆಲ್ ಬರೆದವು. ಆ ಪುಸ್ತಕಗಳನ್ನು ಅಲ್ಲಿ ಮಾರಾಟಕ್ಕೆ ಇಟ್ಟವರಿಗೆ ಮಾರುವ ಹಕ್ಕು ಇರಲಿಲ್ಲವಂತೆ. ದುಡ್ಡು ವಾಪಸು ಬಂತು, ಕಂಪನಿಯ ಮುಖ್ಯಸ್ಥ ಜೆಫ್ ಬೆಜೋಸ್ ಕ್ಷಮೆಯನ್ನೂ ಕೇಳಿದರು. ಆದರೆ ಮನೆಯೊಳಗಿದ್ದ ಪುಸ್ತಕ ರಾತ್ರಿ ಬೆಳಗಾಗುವಷ್ಟರಲ್ಲಿ ಮಾಯ. ನಮ್ಮ ಮನೆಯ ಹಳೇ ಕ್ಯಾಸೆಟ್ಟು ತುಕ್ಕು ಹಿಡಿದಿದೆ, ಸುರುಳಿ ಸಿಕ್ಕಿಕೊಂಡಿದೆ. ಆದರೂ ಅದನ್ನು ಯಾರೂ ದೂರದಿಂದ ಒಯ್ಯಲಾರರು.

ಒಂದು ರೂಪಾಯಿಯ ಕತೆ

ಈಗ ನನ್ನದೇ ಕತೆ ಹೇಳುತ್ತೇನೆ. ನಗಬೇಡಿ.

ಮಗಳು ಇಂಗ್ಲಿಷ್ ಕತೆ ಕೇಳಲಿ ಅಂತ ಒಂದು ಆ್ಯಪ್ ಹಾಕಿಕೊಂಡೆ. "ಏಳು ದಿನ ಬರೀ ಒಂದು ರೂಪಾಯಿ" ಅಂತ ದೊಡ್ಡ ಅಕ್ಷರದಲ್ಲಿ ಇತ್ತು. ಒಂದು ರೂಪಾಯಿ ತಾನೇ! ಪಿನ್ ನಂಬರು ಒತ್ತಿದೆ. ಮಗಳು ಎರಡು ದಿನ ಕೇಳಿದಳು. ಮೂರನೆಯ ದಿನ ಬೇಜಾರಾಯಿತು. ಆ್ಯಪನ್ನು ಫೋನಿನಿಂದ ತೆಗೆದುಹಾಕಿದೆ. ಮುಗಿಯಿತು ಅಂದುಕೊಂಡೆ.

ಮೂರು ತಿಂಗಳ ಮೇಲೆ ಪಾಸ್ ಬುಕ್ ಬರೆಸಲು ಬ್ಯಾಂಕಿಗೆ ಹೋದೆ. ನೋಡಿದರೆ ತಿಂಗಳಿಗೆ 399 ರೂಪಾಯಿಯಂತೆ ಮೂರು ಸಲ ಹೋಗಿದೆ. 1,197 ರೂಪಾಯಿ! ಆ ದಿನ ಪಿನ್ ಒತ್ತಿದ್ದು ಒಂದು ರೂಪಾಯಿಗೆ ಮಾತ್ರ ಅಲ್ಲ. ಕೆಳಗೆ ಸಾಸಿವೆ ಕಾಳಿನಷ್ಟು ಅಕ್ಷರದಲ್ಲಿ 'ಆಟೋಪೇ' ಅಂತ ಇತ್ತು. ಅಂದರೆ "ಪ್ರತಿ ತಿಂಗಳೂ ನನ್ನನ್ನು ಕೇಳದೆ ತೆಗೆದುಕೊಳ್ಳಿ" ಅಂತ ನಾನೇ ಬರೆದುಕೊಟ್ಟಿದ್ದೆ. ಹೆಬ್ಬೆಟ್ಟು ಒತ್ತಬೇಡಿ ಅಂತ ನಿಮಗೆ ಪಾಠ ಹೇಳುವ ಮೇಷ್ಟ್ರು! ನನ್ನ ಹೆಂಡತಿ ಇವತ್ತಿಗೂ ಒಂದು ರೂಪಾಯಿ ನಾಣ್ಯ ಕಂಡರೆ ನನ್ನ ಮುಖ ನೋಡುತ್ತಾಳೆ.

ಹಣ ಕಡಿಯುವುದಕ್ಕೆ 24 ಗಂಟೆ ಮುಂಚೆ ತಿಳಿಸಬೇಕು ಎಂಬ ರಿಸರ್ವ್ ಬ್ಯಾಂಕಿನ ನಿಯಮ 2021ರ ಅಕ್ಟೋಬರಿನಿಂದ ಇದೆ. ನನಗೂ ಸಂದೇಶ ಬಂದಿತ್ತು. ಜಾಹೀರಾತು ಇರಬೇಕು ಅಂತ ನೋಡದೆ ಬಿಟ್ಟಿದ್ದೆ. ಆ್ಯಪ್ ತೆಗೆದುಹಾಕಿದರೆ ಆಟೋಪೇ ನಿಲ್ಲುವುದಿಲ್ಲ, ಇದನ್ನು ಚೆನ್ನಾಗಿ ನೆನಪಿಡಿ. ನೀವು ಹಣ ಕಳಿಸುವ ಆ್ಯಪ್ ಯಾವುದೋ ಅದನ್ನು ತೆಗೆಯಿರಿ. ನಿಮ್ಮ ಹೆಸರು ಅಥವಾ ಚಿತ್ರ ಇರುವ ಮೂಲೆಯನ್ನು ಒತ್ತಿ. ಅಲ್ಲಿ 'ಆಟೋಪೇ' ಎಂಬ ಮಾತು ಹುಡುಕಿ. ಯಾರ್ಯಾರಿಗೆ ಬರೆದುಕೊಟ್ಟಿದ್ದೀರಿ ಎಂಬ ಪಟ್ಟಿ ಕಾಣುತ್ತದೆ. ಬೇಡದ್ದನ್ನು ಅಲ್ಲೇ ರದ್ದು ಮಾಡಬಹುದು.

ಈ ತಂತ್ರ ಹೊಸದೇನಲ್ಲ. ಹಿಂದೆ ಗುಂಡಿಯ ಫೋನುಗಳ ಕಾಲದಲ್ಲಿ ಕಾಲರ್ ಟ್ಯೂನು, ಜಾತಕ, ಕ್ರಿಕೆಟ್ ಸುದ್ದಿ ಅಂತ ಕರೆನ್ಸಿ ತಾನಾಗಿಯೇ ಕಡಿಮೆಯಾಗುತ್ತಿತ್ತು. ನೆನಪಿದೆಯೆ? ಜನ ದೂರು ಕೊಟ್ಟರು. 2013ರ ಜುಲೈನಲ್ಲಿ ದೂರವಾಣಿ ಕಂಪನಿಗಳ ಮೇಲೆ ಕಣ್ಣಿಡುವ ಟ್ರಾಯ್ ಸಂಸ್ಥೆ, ಇಂಥ ಸೇವೆ ಶುರು ಮಾಡುವ ಮುಂಚೆ ಗ್ರಾಹಕರಿಂದ ಎರಡು ಸಲ ಒಪ್ಪಿಗೆ ಪಡೆಯಬೇಕು ಅಂತ ಆಜ್ಞೆ ಮಾಡಿತು. ಜನ ಬಾಯಿ ಬಿಟ್ಟಿದ್ದಕ್ಕೆ ಆದದ್ದು ಅದು.

ಈಗಿನ ಗುಂಡಿಗಳ ಮೋಸಕ್ಕೂ ನಿಯಮ ಬಂದಿದೆ. 2023ರ ನವೆಂಬರ್ 30ರಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 13 ಬಗೆಯ ಮೋಸಗಳನ್ನು ಹೆಸರಿಸಿ ನಿಷೇಧಿಸಿತು. ಇವಕ್ಕೆ 'ಡಾರ್ಕ್ ಪ್ಯಾಟರ್ನ್' ಅನ್ನುತ್ತಾರೆ, ಅಂದರೆ ಕತ್ತಲೆಯ ತಂತ್ರ. ಸೇರುವುದು ಸುಲಭ, ಬಿಡುವುದು ಕಷ್ಟ ಮಾಡುವುದು ಒಂದು ಬಗೆ. ನನ್ನ ಒಂದು ರೂಪಾಯಿಯಂಥದು. ನೀವು ಕೇಳದ ಸಾಮಾನನ್ನು ಬುಟ್ಟಿಗೆ ಮೆಲ್ಲಗೆ ಸೇರಿಸುವುದು ಇನ್ನೊಂದು. "ಇನ್ನು ಎರಡೇ ಉಳಿದಿವೆ, ಬೇಗ!" ಅಂತ ಸುಳ್ಳು ಅವಸರ ಹುಟ್ಟಿಸುವುದು ಮತ್ತೊಂದು. ವಿಮೆ ಬೇಡ ಅಂದರೆ "ಪರವಾಗಿಲ್ಲ, ನನಗೆ ರಕ್ಷಣೆ ಬೇಡ" ಅಂತ ಗುಂಡಿಯ ಮೇಲೆ ಬರೆದು ನಾಚಿಸುವುದೂ ಉಂಟು. ಬಳೆಗಾರರೂ ಸೀರೆ ವ್ಯಾಪಾರಿಗಳೂ ಸ್ವಲ್ಪ ಹೀಗೆ ಮಾಡುತ್ತಾರೆ ಅನ್ನಿ. ಆದರೆ ಅವರ ಮುಖ ನಮಗೆ ಕಾಣುತ್ತದೆ, ಚೌಕಾಸಿ ಮಾಡಬಹುದು. ಗುಂಡಿಯ ಹತ್ತಿರ ಚೌಕಾಸಿ ನಡೆಯದು.

ಸಾಲದ ಆ್ಯಪ್

1,197 ರೂಪಾಯಿ ಹೋದರೆ ಹೊಟ್ಟೆ ಉರಿಯುತ್ತದೆ, ಮರೆಯುತ್ತೇವೆ. ಮಾನ ಹೋದರೆ?

ನಮ್ಮ ಕೇಂದ್ರಕ್ಕೆ ಬರುವ ಒಬ್ಬ ಅಕ್ಕ ಟೈಲರಿಂಗ್ ಮಾಡುತ್ತಾರೆ. ಗೌರಿ ಹಬ್ಬದ ಹೊತ್ತಿಗೆ ಬಟ್ಟೆ ತರಲು ಹಣ ಬೇಕಿತ್ತು. ಸಂಘದ ಸಾಲ ಮುಂದಿನ ತಿಂಗಳು. ಫೋನಿನಲ್ಲಿ ಸಾಲದ ಆ್ಯಪ್ ಕಂಡಿತು. ಜಾಮೀನು ಬೇಡ, ಕಾಗದ ಬೇಡ, ಐದೇ ನಿಮಿಷ. ಅದು ಏನೇನೋ ಕೇಳಿತು. ಅಕ್ಕ ಎಲ್ಲಕ್ಕೂ ಒತ್ತಿದರು. 5,000 ಸಾಲ ಅಂತ ಇತ್ತು. ಕೈಗೆ ಬಂದದ್ದು 3,200. ಉಳಿದದ್ದು ಏನೇನೋ ಖರ್ಚಂತೆ. ಏಳು ದಿನದಲ್ಲಿ 5,000 ಪೂರ್ತಿ ಕಟ್ಟಬೇಕು.

ಎರಡು ದಿನ ತಡವಾಯಿತು. ಮೂರನೆಯ ದಿನ ಅವರ ನಾದಿನಿಗೆ ಫೋನು ಬಂತು. ಆಮೇಲೆ ಬೀಗರಿಗೆ. ಆಮೇಲೆ ಬಟ್ಟೆ ಹೊಲಿಸುವ ಗಿರಾಕಿಗಳಿಗೆ. "ಇವಳು ಕಳ್ಳಿ" ಅಂತ ಫೋಟೋ ಹಾಕಿ ಸಂದೇಶ. ಅಕ್ಕ ಹದಿನೈದು ದಿನ ಕೇಂದ್ರಕ್ಕೆ ಬರಲಿಲ್ಲ. ಯಾಕೆ ಅಂತ ನಮಗೂ ಗೊತ್ತಾಗಲಿಲ್ಲ. ಆ ನಂಬರುಗಳೆಲ್ಲ ಅವರಿಗೆ ಹೇಗೆ ಸಿಕ್ಕವು? ಅಕ್ಕನೇ ಕೊಟ್ಟಿದ್ದರು. ಒಂದು ಒತ್ತಿನಲ್ಲಿ, ಫೋನಿನ ಹೆಸರು ಪಟ್ಟಿಯನ್ನು ಪೂರ್ತಿ.

ಇದು ಕಾನೂನಿಗೆ ವಿರುದ್ಧ. ರಿಸರ್ವ್ ಬ್ಯಾಂಕು 2022ರ ಸೆಪ್ಟೆಂಬರಿನಲ್ಲಿ ನಿಯಮ ಮಾಡಿದೆ. ಸಾಲ ಕೊಡುವ ಆ್ಯಪು ನಿಮ್ಮ ಹೆಸರು ಪಟ್ಟಿ, ಕರೆಗಳ ವಿವರ, ಫೋಟೋಗಳನ್ನು ಮುಟ್ಟುವಂತಿಲ್ಲ. ನೀವು ಯಾರೆಂದು ತಿಳಿಯಲು ಕ್ಯಾಮೆರಾದಂಥದ್ದನ್ನು ಒಂದು ಸಲ ಕೇಳಬಹುದು, ಅದೂ ನೀವು ಒಪ್ಪಿದರೆ. ಸಾಲದ ಹಣ ನೇರವಾಗಿ ನಿಮ್ಮ ಖಾತೆಗೇ ಬರಬೇಕು. ವರ್ಷಕ್ಕೆ ಒಟ್ಟು ಎಷ್ಟು ಬಡ್ಡಿ, ಎಷ್ಟು ಖರ್ಚು ಅಂತ ಒಂದು ಹಾಳೆಯಲ್ಲಿ ಮೊದಲೇ ಕೊಡಬೇಕು. ಆದ್ದರಿಂದ ಯಾವುದೇ ಸಾಲದ ಆ್ಯಪು ಹೆಸರು ಪಟ್ಟಿ ಕೇಳಿತು ಅಂದರೆ ಅಲ್ಲೇ ತಿಳಿದುಕೊಳ್ಳಿ, ಇದು ನೆಟ್ಟಗಿಲ್ಲ. ಇದಕ್ಕೆ ದೊಡ್ಡ ಓದು ಬೇಕಾಗಿಲ್ಲ. 'ಸಂಪರ್ಕಗಳು' ಅಥವಾ 'ಕಾಂಟ್ಯಾಕ್ಟ್ಸ್' ಎಂಬ ಒಂದು ಮಾತು ಓದಲು ಬಂದರೆ ಸಾಕು.

ಅಕ್ಕನನ್ನು ಕರೆದುಕೊಂಡು ನಾವು ನಾಲ್ಕು ಜನ ಪೊಲೀಸ್ ಠಾಣೆಗೆ ಹೋದೆವು. ದೂರು ಬರೆದವರು ಅಕ್ಕನೇ. ಒಂದೂವರೆ ಪುಟ. ಕಾಗುಣಿತ ಅಲ್ಲಲ್ಲಿ ತಪ್ಪಿತ್ತು, ನಾನು ತಿದ್ದಲಿಲ್ಲ.

ನಿವೃತ್ತ ನ್ಯಾಯಾಧೀಶರೊಬ್ಬರು ಹಾಕಿದ ದಾವೆ

"ನನ್ನ ಸುದ್ದಿ ನನ್ನದು" ಎಂಬ ಹಕ್ಕು ನಮಗೆ ಸಿಕ್ಕಿದ್ದರಲ್ಲಿ ಕರ್ನಾಟಕದ ಒಬ್ಬರ ಪಾಲು ದೊಡ್ಡದು. ಕೆ.ಎಸ್. ಪುಟ್ಟಸ್ವಾಮಿ ಅವರು ಕರ್ನಾಟಕ ಹೈಕೋರ್ಟಿನಲ್ಲಿ ನ್ಯಾಯಾಧೀಶರಾಗಿ ನಿವೃತ್ತರಾಗಿದ್ದವರು. 2012ರಲ್ಲಿ, 86ರ ವಯಸ್ಸಿನಲ್ಲಿ, ಆಧಾರ್ ವಿಚಾರವಾಗಿ ಸುಪ್ರೀಂ ಕೋರ್ಟಿಗೆ ಹೋದರು. ಆಧಾರ್ ಅಂದರೂ ಬೆರಳಚ್ಚೇ ತಾನೇ! ಆ ದಾವೆಯಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಾಧೀಶರು ಒಟ್ಟಾಗಿ ಒಂದೇ ಮಾತು ಹೇಳಿದರು. ಖಾಸಗಿತನ ಸಂವಿಧಾನ ಕೊಟ್ಟ ಮೂಲಭೂತ ಹಕ್ಕು. ಬಡವರಿಗೂ ಅದೇ ಹಕ್ಕು, ಶ್ರೀಮಂತರಿಗೂ ಅದೇ. ಪುಟ್ಟಸ್ವಾಮಿ ಅವರು 2024ರಲ್ಲಿ ತೀರಿಕೊಂಡರು.

ಆ ತೀರ್ಪಿನ ಮೇಲೆ 2023ರಲ್ಲಿ ಸಂಸತ್ತು ಒಂದು ಕಾನೂನು ಮಾಡಿತು. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. ಹೆಸರು ಬಾಯಿಗೆ ಸಿಕ್ಕುವುದಿಲ್ಲ. ಒಳಗಿರುವುದು ಮಾತ್ರ ನಮಗೆ ಬೇಕಾದದ್ದು. ನಿಮ್ಮ ವಿವರ ಕೇಳುವವರು, ಯಾವ ವಿವರ, ಯಾಕೆ ಬೇಕು ಅಂತ ಮೊದಲು ತಿಳಿಸಬೇಕು. ಅದನ್ನು ಇಂಗ್ಲಿಷಿನಲ್ಲಿ ಇಲ್ಲವೆ ಸಂವಿಧಾನದ ಎಂಟನೆಯ ಅನುಸೂಚಿಯ 22 ಭಾಷೆಗಳಲ್ಲಿ ಯಾವುದರಲ್ಲಾದರೂ ನೋಡುವ ಅವಕಾಶ ಕೊಡಬೇಕು. ಕನ್ನಡ ಆ 22ರಲ್ಲಿ ಒಂದು. ಕೊಟ್ಟ ಒಪ್ಪಿಗೆಯನ್ನು ಯಾವಾಗ ಬೇಕಾದರೂ ವಾಪಸು ಪಡೆಯಬಹುದು. ವಾಪಸು ಪಡೆಯುವುದು ಕೊಟ್ಟಷ್ಟೇ ಸುಲಭವಾಗಿರಬೇಕು.

ಕಾಯ್ದೆಯೊಳಗೇ ಒಂದು ಉದಾಹರಣೆ ಇದೆ. ಫೋನಿನಲ್ಲಿ ಡಾಕ್ಟರ ಸಲಹೆ ಕೊಡಿಸುವ ಒಂದು ಆ್ಯಪು. ಅದು ಹೆಸರು ಪಟ್ಟಿಯನ್ನೂ ಕೇಳುತ್ತದೆ. ಹೆಂಗಸೊಬ್ಬರು ಎರಡಕ್ಕೂ ಒಪ್ಪಿಗೆ ಒತ್ತುತ್ತಾರೆ. ಕಾಯ್ದೆ ಏನು ಹೇಳುತ್ತದೆ? ಡಾಕ್ಟರ ಸಲಹೆಗೆ ಹೆಸರು ಪಟ್ಟಿ ಬೇಕಾಗಿಲ್ಲ. ಆದ್ದರಿಂದ ಆಕೆ ಒತ್ತಿದ್ದರೂ ಆ ಒಪ್ಪಿಗೆ ಹೆಸರು ಪಟ್ಟಿಗೆ ಅನ್ವಯಿಸುವುದಿಲ್ಲ. ಇದನ್ನು ಓದಿದಾಗ ನನಗೆ ನಮ್ಮ ಟೈಲರ್ ಅಕ್ಕನೂ ಸೊಪ್ಪಜ್ಜಿಯೂ ನೆನಪಾದರು.

ಈ ಕಾಯ್ದೆಯ ನಿಯಮಗಳು ಬಂದದ್ದು 2025ರ ನವೆಂಬರಿನಲ್ಲಿ. ಕಂಪನಿಗಳು ಪಾಲಿಸಬೇಕಾದ ಮುಖ್ಯ ಭಾಗಗಳಿಗೆ ಅಲ್ಲಿಂದ 18 ತಿಂಗಳು ಗಡುವು ಕೊಟ್ಟರು. ನನ್ನ ಮಟ್ಟಿಗೆ ಅದು ಬಹಳ ದೀರ್ಘವಾಯಿತು.

ದೊಡ್ಡ ಕಂಪನಿಗಳಿಗೂ ಲೆಕ್ಕ ಕೇಳುವವರು ಇದ್ದಾರೆ. ನೀವೆಲ್ಲ ಬಳಸುವ ವಾಟ್ಸಾಪನ್ನೇ ನೋಡಿ. 2021ರ ಜನವರಿಯಲ್ಲಿ ಅದು ಹೊಸ ಕರಾರು ತಂದಿತು. ನಿಮ್ಮ ಕೆಲವು ವಿವರಗಳನ್ನು ತನ್ನ ಒಡೆಯ ಕಂಪನಿಯ ಜತೆ ಹಂಚಿಕೊಳ್ಳುವ ಕರಾರು. ಒಪ್ಪಿ, ಇಲ್ಲವೆ ಬಿಡಿ ಎಂಬಂತೆ ಕೇಳಿತು. ನೆಂಟರೆಲ್ಲ ಅದರಲ್ಲೇ ಇರುವಾಗ ಬಿಡುವುದು ಹೇಗೆ? 2024ರ ನವೆಂಬರಿನಲ್ಲಿ ಭಾರತದ ಸ್ಪರ್ಧಾ ಆಯೋಗ ಇದು ತಪ್ಪು ಅಂತ ಒಡೆಯ ಕಂಪನಿ ಮೆಟಾಗೆ 213.14 ಕೋಟಿ ರೂಪಾಯಿ ದಂಡ ಹಾಕಿತು. ಕಂಪನಿ ಮೇಲ್ಮನವಿಗೆ ಹೋಯಿತು.

ಬೇಡ ಅಂದರೆ ಏನಾಗುತ್ತದೆ?

ಏನೂ ಆಗುವುದಿಲ್ಲ. ಬಹಳ ಸಲ ಏನೂ ಆಗುವುದಿಲ್ಲ. ಇದೇ ಜನರಿಗೆ ಗೊತ್ತಿಲ್ಲದ ವಿಷಯ.

ಹಳೆಯ ಆಂಡ್ರಾಯ್ಡ್ ಫೋನುಗಳಲ್ಲಿ ಆ್ಯಪ್ ಹಾಕುವಾಗಲೇ ಎಲ್ಲ ಅನುಮತಿ ಒಟ್ಟಿಗೆ ಕೊಡಬೇಕಿತ್ತು. 2015ರಲ್ಲಿ ಬಂದ ಆಂಡ್ರಾಯ್ಡ್ 6ರಿಂದ ಒಂದೊಂದಾಗಿ ಕೇಳುವ ಪದ್ಧತಿ ಬಂತು. ಒಂದಕ್ಕೆ ಹೂಂ, ಇನ್ನೊಂದಕ್ಕೆ ಊಹೂಂ ಅನ್ನಬಹುದು. ಕೊಟ್ಟದ್ದನ್ನು ಆಮೇಲೆ ಕಿತ್ತುಕೊಳ್ಳಲೂಬಹುದು. ಫೋನಿನ ಸೆಟ್ಟಿಂಗ್ಸ್ ತೆಗೆಯಿರಿ. ಆ್ಯಪ್‌ಗಳು ಅಂತ ಇರುತ್ತದೆ. ಬೇಕಾದ ಆ್ಯಪ್ ಒತ್ತಿ. 'ಅನುಮತಿಗಳು' ಎಂಬ ಮಾತು ಹುಡುಕಿ. ಯಾವುದಕ್ಕೆಲ್ಲ ಬಾಗಿಲು ತೆರೆದಿದೆ ಅಂತ ಕಾಣುತ್ತದೆ. ಫೋನಿನ ಭಾಷೆಯನ್ನೂ ಸೆಟ್ಟಿಂಗ್ಸ್‌ನಲ್ಲೇ ಕನ್ನಡಕ್ಕೆ ಬದಲಾಯಿಸಬಹುದು. ಬಹಳ ಜನ ಇದನ್ನು ಮಾಡಿಕೊಂಡಿಲ್ಲ. ಕನ್ನಡ ಓದಲು ಕಲಿತು ಫೋನನ್ನು ಇಂಗ್ಲಿಷಿನಲ್ಲಿ ಇಟ್ಟುಕೊಳ್ಳುವುದು ಯಾಕೆ?

ಕೊಂಡ ಸಾಮಾನು, ಚಂದಾ, ಗುಂಡಿ ಮೋಸ ಇಂಥವಕ್ಕೆ 1915ಕ್ಕೆ ಫೋನು ಮಾಡಿ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಕನ್ನಡದಲ್ಲೂ ಮಾತಾಡಬಹುದು. ಫೋನಿನ ಮೂಲಕ ಮೋಸವಾಗಿ ಹಣ ಹೋಗಿದ್ದರೆ ತಡ ಮಾಡದೆ 1930ಕ್ಕೆ ಮಾಡಿ.

ಮುಂದಿನ ಸೋಮವಾರ ಕೇಂದ್ರದಲ್ಲಿ ಬೇರೆ ಪಾಠ ಇರಲಿಲ್ಲ. ಎಲ್ಲರೂ ತಮ್ಮ ತಮ್ಮ ಫೋನು ತಂದಿದ್ದರು. ಸೊಪ್ಪಜ್ಜಿ ಒಂದೊಂದು ಅಕ್ಷರ ಕೂಡಿಸಿ ಓದಿದರು. "ಮೈ... ಕ್ರೊ... ಫೋ... ನ್. ಇದೇನು ಮೇಷ್ಟ್ರೇ?" ಹೇಳಿದೆ. "ಅಯ್ಯೋ ಇವನ ಮನೆ ಹಾಳಾಗ, ದೀಪಕ್ಕೆ ಕಿವಿ ಯಾಕೆ?" ಅಂದವರೇ 'ಅನುಮತಿಸಬೇಡಿ' ಒತ್ತಿದರು. ಹೆಸರು ಪಟ್ಟಿಗೂ ಹಾಗೇ, ಜಾಗದ ಗುರುತಿಗೂ ಹಾಗೇ. ಟಾರ್ಚ್ ಉರಿಯಿತು. ಆಮೇಲೆ ಫೋನಿನ ಮೇಲಿನ ಅಂಚಿನಿಂದ ಬೆರಳು ಕೆಳಗೆಳೆದು ತೋರಿಸಿದೆ. ಟಾರ್ಚ್ ಅಲ್ಲಿ ಫೋನಿನ ಜತೆಗೇ ಬಂದಿತ್ತು. ಆ್ಯಪೇ ಬೇಕಿರಲಿಲ್ಲ. ಅಜ್ಜಿ ಅದನ್ನು ಕಿತ್ತೇ ಹಾಕಿಸಿದರು.

ಟೈಲರ್ ಅಕ್ಕನ ಫೋನಿನಲ್ಲಿ ಒಂದು ಪಂಚಾಂಗದ ಆ್ಯಪ್ ಇತ್ತು. ಅದಕ್ಕೂ ಹೆಸರು ಪಟ್ಟಿ ಬೇಕಾಗಿತ್ತಂತೆ. ಅಕ್ಕ ತಾವೇ ಹುಡುಕಿ, ತಾವೇ ಓದಿ, ತೆಗೆದುಹಾಕಿದರು. ಅಮಾವಾಸ್ಯೆ ಯಾವಾಗ ಅಂತ ಅದು ಈಗಲೂ ಸರಿಯಾಗಿ ಹೇಳುತ್ತದೆ.